ಹಳೆಯ ಕಾರಿನ ಡಿಸ್ಕ್ ಬ್ರೇಕ್: ಕ್ಯಾಲಿಪರ್ ಬಿಚ್ಚುವ ಮೊದಲು ನೋಡಬೇಕಾದದ್ದು

ಮುಂದಿನ ಒಂದು ಚಕ್ರ ಬಿಸಿಯಾಗುತ್ತಿದೆ ಅಂದ ಕೂಡಲೇ ಎಲ್ಲರೂ ಬೈಯುವುದು ಕ್ಯಾಲಿಪರನ್ನು, ಅಂದರೆ ಚಕ್ರದ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡುಗಳಲ್ಲಿ ಅಮುಕಿ ಹಿಡಿಯುವ ಭಾಗವನ್ನು. ಬಿಚ್ಚುತ್ತಾರೆ, ಹೊಸ ಸೀಲ್ ಹಾಕುತ್ತಾರೆ, ಜೋಡಿಸುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಚಕ್ರ ಮತ್ತೆ ಬಿಸಿ. ಬಹಳ ಸಲ ತಪ್ಪು ಕ್ಯಾಲಿಪರಿನದ್ದಲ್ಲ. ಅದಕ್ಕೆ ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸಿನದ್ದೋ, ಪೆಡಲ್ ಒತ್ತಿದಾಗ ಆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನದ್ದೋ ಆಗಿರುತ್ತದೆ. ಯಾರದ್ದು ಅಂತ ಕಂಡುಹಿಡಿಯಲು ಒಂದು ಜ್ಯಾಕ್, ಒಂದು ಸ್ಪ್ಯಾನರ್, ಪೆಡಲ್ ಒತ್ತಲು ಇನ್ನೊಬ್ಬರು ಇದ್ದರೆ ಸಾಕು.

ಇಲ್ಲಿ ಹೇಳುವುದು 1950ರಿಂದ 70ರ ದಶಕದ ಕಾರುಗಳ ಬಗ್ಗೆ. ಉದಾಹರಣೆಗೆ ಎಂಜಿಬಿಯನ್ನು ಹಿಡಿಯುತ್ತೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಈ ಕಾರಿಗೆ ಮುಂದೆ 10.75 ಇಂಚಿನ ಡಿಸ್ಕ್, ಎರಡು ಪಿಸ್ಟನ್ನಿನ ಲಾಕ್‌ಹೀಡ್ ಕ್ಯಾಲಿಪರ್, ಹಿಂದೆ ಡ್ರಮ್. ಆ ಕಾಲದ ಬೇಕಾದಷ್ಟು ಕಾರುಗಳ ಜೋಡಣೆ ಇದೇ. ನಮ್ಮ ಹಳೆಯ ಅಂಬಾಸಡರ್, ಪದ್ಮಿನಿಗಳಿಗೆ ನಾಲ್ಕೂ ಕಡೆ ಡ್ರಮ್. ಅವುಗಳ ಮಾಲೀಕರಿಗೆ ಹೋಸ್, ಮಾಸ್ಟರ್ ಸಿಲಿಂಡರಿನ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

## ಮೊದಲು, ಒಳಗೆ ಏನು ನಡೆಯುತ್ತದೆ

1953ರಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಸಿ-ಟೈಪ್ ಲೆ ಮಾನ್ ರೇಸ್ ಗೆದ್ದ ಮೇಲೆ ಡಿಸ್ಕಿಗೆ ಬೆಲೆ ಬಂತು. 1956ರಲ್ಲಿ ಟ್ರಯಂಫ್ ಟಿಆರ್3 ಕಾರಿಗೆ ಮುಂದೆ ಗರ್ಲಿಂಗ್ ಡಿಸ್ಕ್ ಬಂತು. ಮುಂದಿನ ಹತ್ತು ವರ್ಷದಲ್ಲಿ ಅದು ಮಾಮೂಲಿಯಾಯಿತು.

ಆ ಕಾಲದ ಕ್ಯಾಲಿಪರ್ ಸಾಮಾನ್ಯವಾಗಿ ಅಲುಗದೆ ಕೂತಿರುವ ಬಗೆಯದು. ಡಿಸ್ಕಿನ ಎರಡೂ ಬದಿಗೆ ಒಂದೊಂದು ಪಿಸ್ಟನ್ ಇರುತ್ತದೆ. ಪ್ರತಿ ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ರಿಂಗ್ ಇದೆ. ಆಯಿಲ್ ಸೋರದಂತೆ ತಡೆಯುವುದು ಅದರ ಅರ್ಧ ಕೆಲಸ ಅಷ್ಟೇ. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಅದನ್ನು ಹಿಡಿದುಕೊಂಡಿರುವ ರಿಂಗ್ ಜೊತೆಗೇ ಬಾಗುತ್ತದೆ. ಕಾಲು ತೆಗೆದಾಗ ರಿಂಗ್ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತದೆ. ಎಷ್ಟು? ಒಂದು ಮಿ.ಮೀ.ನ ಹತ್ತನೇ ಒಂದು ಪಾಲಿನಷ್ಟು. ಡ್ರಮ್ಮಿನಲ್ಲಿ ಇರುವಂಥ ಸ್ಪ್ರಿಂಗ್ ಇಲ್ಲಿ ಇಲ್ಲ. ಪ್ಯಾಡ್ ಸವೆದಷ್ಟೂ ಪಿಸ್ಟನ್ ರಿಂಗಿನೊಳಗೆ ಜಾರಿ ಮುಂದೆ ಕೂರುತ್ತದೆ, ಹಾಗಾಗಿ ಅಡ್ಜಸ್ಟ್ ಮಾಡುವ ಕೆಲಸವೂ ಇಲ್ಲ.

ಈ ಕೂದಲೆಳೆಯಷ್ಟು ಹಿಂಜರಿಯುವಿಕೆಗೆ ಏನು ಅಡ್ಡ ಬಂದರೂ ಬ್ರೇಕ್ ಹಿಡಿದುಕೊಳ್ಳುತ್ತದೆ. ಪಿಸ್ಟನ್ ತುಕ್ಕು ಹಿಡಿದಿರಬಹುದು, ರಿಂಗ್ ಊದಿರಬಹುದು, ಇಲ್ಲವೇ ಪೈಪಿನಲ್ಲಿ ಒತ್ತಡ ಉಳಿದುಬಿಟ್ಟಿರಬಹುದು. ಮುಂದಿನ ಪರೀಕ್ಷೆಗಳೆಲ್ಲ ಈ ಮೂರರಲ್ಲಿ ಯಾವುದು ಅಂತ ಬೇರ್ಪಡಿಸುವುದಕ್ಕೆ.

ಡನ್‌ಲಪ್ ಕ್ಯಾಲಿಪರ್ ಇರುವ ಜಾಗ್ವಾರ್ ಎಕ್ಸ್‌ಕೆ150, ಮಾರ್ಕ್ 2, ಮೊದಮೊದಲ ಇ-ಟೈಪ್‌ಗಳ ಕಥೆ ಬೇರೆ. ಅವುಗಳಲ್ಲಿ ಸಿಲಿಂಡರುಗಳನ್ನು ಹೊರಗಿನಿಂದ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎರಡನ್ನೂ ಸೇರಿಸಲು ಒಂದು ಸಣ್ಣ ಪೈಪ್ ಇರುತ್ತದೆ. ಪಿಸ್ಟನ್ ಹಿಂದಕ್ಕೆ ಬರುವುದು ಒಳಗಿನ ಒಂದು ಪಿನ್ನು, ಅದನ್ನು ಬಿಗಿಯಾಗಿ ಹಿಡಿದ ಬುಷ್ ಇವುಗಳಿಂದ. ಆ ಬುಷ್ ಸವೆದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ.

## ಕೈ ಹಾಕುವ ಮುನ್ನ

ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ ಹಾಕಬೇಡಿ. ಸಮತಟ್ಟು ನೆಲ, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ, ಕೆಳಗೆ ಸ್ಟ್ಯಾಂಡ್, ಆಮೇಲೆ ಕೆಲಸ.

ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಸ್ ಇತ್ತು. ಬ್ರೇಕ್ ಧೂಳನ್ನು ಗಾಳಿ ಹೊಡೆದು ಊದುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಅದು ಬೇಡವೇ ಬೇಡ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಚೆಲ್ಲಿದ ಕೂಡಲೇ ನೀರಿನಿಂದ ತೊಳೆಯಿರಿ. ಬ್ರೇಕಿನ ರಬ್ಬರ್ ಭಾಗ ತೊಳೆಯಲು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದನ್ನೂ ಮುಟ್ಟಬೇಡಿ. ಅವುಗಳಿಂದ ರಿಂಗ್ ಊದಿಕೊಳ್ಳುತ್ತದೆ. ಸ್ಪಿರಿಟ್ ಇಲ್ಲವೇ ಹೊಸ ಬ್ರೇಕ್ ಆಯಿಲ್ ಸಾಕು.

## ಲಕ್ಷಣ: ಒಂದು ಚಕ್ರ ಬಿಸಿ, ಕಾರು ಭಾರವಾಗಿ ಓಡುತ್ತದೆ

ಕೆಲವು ಕಿಲೋಮೀಟರ್ ಓಡಿಸಿ, ಆದಷ್ಟೂ ಬ್ರೇಕ್ ಮುಟ್ಟದೆ ನಿಲ್ಲಿಸಿ. ಎಡ ಬಲ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕನ್ನು ಮುಟ್ಟಬೇಡಿ, ಸುಟ್ಟುಹೋಗುತ್ತದೆ. ಒಂದು ಕಡೆ ಮಾತ್ರ ಬಿಸಿ ಜಾಸ್ತಿ ಇದ್ದರೆ ಆ ಚಕ್ರವನ್ನು ಎತ್ತಿ, ಕೈಯಲ್ಲಿ ತಿರುಗಿಸಿ. ಪ್ಯಾಡ್ ಸ್ವಲ್ಪ ಸವರುವ ಸದ್ದು ಡಿಸ್ಕ್ ಬ್ರೇಕಿನಲ್ಲಿ ಸಹಜ, ಅದಕ್ಕೆ ಹೆದರಬೇಕಿಲ್ಲ. ಬೇರಿಂಗ್ ಕೂಡ ಬಿಸಿಯಾಗುತ್ತದೆ, ಆದ್ದರಿಂದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಗರಗರ ಸದ್ದಿದೆಯಾ ಕೇಳಿ.

ಈಗ ಮುಖ್ಯ ಪರೀಕ್ಷೆ. ಇನ್ನೊಬ್ಬರು ಪೆಡಲನ್ನು ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿ ಬಿಡಲಿ. ಚಕ್ರ ತಿರುಗಿಸಿ. ಬಿಗಿಯಾಗಿದೆ ಅಂದುಕೊಳ್ಳೋಣ. ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ಲಿಗೆ, ಅಂದರೆ ಒಳಗಿನ ಗಾಳಿ ಹೊರಬಿಡಲು ಇರುವ ಸಣ್ಣ ಸ್ಕ್ರೂಗೆ, ಒಂದು ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಗೆ ಇಳಿಸಿ. ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ.

ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಡಿಲಾಯಿತೇ? ಕ್ಯಾಲಿಪರ್ ನಿರಪರಾಧಿ. ಒತ್ತಡ ಹಿಂದಕ್ಕೆ ಹೋಗಲು ದಾರಿ ಇಲ್ಲದೆ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾಲ್ಕು ಹನಿ ಬಂದು ಚಕ್ರ ಬಿಗಿಯಾಗಿಯೇ ಉಳಿದರೆ ಪಿಸ್ಟನ್ ಅಥವಾ ಪ್ಯಾಡ್ ನಿಜವಾಗಿ ಕಚ್ಚಿಕೊಂಡಿದೆ.

ಒತ್ತಡ ಸಿಕ್ಕಿಕೊಂಡದ್ದು ಎಲ್ಲಿ? ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಟ್ಟು ಚಕ್ರ ಬಿಗಿಯಾಗಲು ಬಿಡಿ. ಈ ಸಲ ರಬ್ಬರ್ ಹೋಸಿನ ಬಾಡಿ ಕಡೆಯ ತುದಿಯಲ್ಲಿ, ಸ್ಟೀಲ್ ಪೈಪ್ ಸೇರುವ ನಟ್ಟನ್ನು ಸಡಿಲಿಸಿ. ಅಲ್ಲಿ ಬಿಚ್ಚಿದಾಗ ಚಕ್ರ ಸಡಿಲಾದರೆ ದೋಷ ಇನ್ನೂ ಮೇಲೆ, ಮಾಸ್ಟರ್ ಸಿಲಿಂಡರಿನಲ್ಲೋ, ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಬಲ ಹೆಚ್ಚಿಸುವ ಸರ್ವೋದಲ್ಲೋ ಇದೆ. ಸಡಿಲಾಗದಿದ್ದರೆ ಹೋಸೇ ಕಳ್ಳ. ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿಕೊಂಡು ಪದರ ಎದ್ದಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ. ಆದರೆ ಆ ರಿಂಗಿನ ಸಣ್ಣ ಸೆಳೆತಕ್ಕೆ ಅದನ್ನು ವಾಪಸ್ ತಳ್ಳುವ ಶಕ್ತಿ ಎಲ್ಲಿದೆ? ಹೋಸ್ ಬದಲಿಸುವುದಾದರೆ ಎರಡೂ ಬದಿಯದ್ದನ್ನು ಬದಲಿಸಿ, ಅವಕ್ಕೆ ಒಂದೇ ವಯಸ್ಸು ತಾನೇ. ಈ ನಟ್ಟು ಬಿಚ್ಚಿದ ಮೇಲೆ ಪೈಪಿಗೆ ಏರ್ ಹೋಗಿರುತ್ತದೆ. ಏರ್ ತೆಗೆಯದೆ, ಅಂದರೆ ಬ್ಲೀಡ್ ಮಾಡದೆ ಕಾರು ಓಡಿಸಬೇಡಿ.

ಇನ್ನು, ಕ್ಯಾಲಿಪರ್ ನಿಜವಾಗಿ ಕಚ್ಚಿಕೊಂಡಿದ್ದರೆ. ಆಗಲೂ ಪೂರ್ತಿ ಬಿಚ್ಚುವ ಅವಸರ ಬೇಡ. ಎಂಜಿಬಿಯಲ್ಲಿ ಸ್ಪ್ಲಿಟ್ ಪಿನ್ನುಗಳನ್ನು, ತಗಡಿನ ಸ್ಪ್ರಿಂಗುಗಳನ್ನು ತೆಗೆದರೆ ಪ್ಯಾಡ್ ಮೇಲಕ್ಕೆ ಬರಬೇಕು. ಬರುವುದಿಲ್ಲ ಅಂದರೆ ತುಕ್ಕು, ಧೂಳು ಸೇರಿ ಪ್ಯಾಡೇ ಸಂದಿನಲ್ಲಿ ಸಿಕ್ಕಿಕೊಂಡಿದೆ. ಸಂದಿಯನ್ನು ವೈರ್ ಬ್ರಶ್ಶಿನಿಂದ ಉಜ್ಜಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಪ್ಯಾಡ್ ಕೈಗೆ ಬಂದ ಮೇಲೆ ಅದನ್ನೇ ಓದಿ. ಒಳಗಿನದ್ದು ಹೊರಗಿನದ್ದು ಬೇರೆ ಬೇರೆ ದಪ್ಪ ಇದ್ದರೆ ಎರಡರಲ್ಲಿ ಒಂದು ಪಿಸ್ಟನ್ ಸರಿಯಾಗಿ ಓಡುತ್ತಿಲ್ಲ. 70ರ ದಶಕದ ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರಾದರೆ ಅದೇ ಲಕ್ಷಣಕ್ಕೆ ಅರ್ಥ ಬೇರೆ. ಅಲ್ಲಿ ಜಾರುವ ಪಿನ್ನುಗಳು ಒಣಗಿರುತ್ತವೆ.

ಪಿಸ್ಟನ್ನನ್ನು ಹಿಂದಕ್ಕೆ ಒತ್ತಿ ನೋಡುವಾಗ ನಿಪ್ಪಲ್ ತೆರೆದಿಡಿ. ಒಳಗಿನ ಕೊಳಕು ಆಯಿಲ್ ಮಾಸ್ಟರ್ ಸಿಲಿಂಡರಿಗೆ ವಾಪಸ್ ಹೋಗುವುದಿಲ್ಲ, ಬ್ರೇಕ್ ಆಯಿಲಿನ ಟ್ಯಾಂಕೂ ಉಕ್ಕುವುದಿಲ್ಲ.

ಹೊಸ ಪ್ಯಾಡ್ ಹಾಕಿದ ಮೇಲೇ ಬ್ರೇಕ್ ಕೆಟ್ಟಿತು ಅನ್ನುವವರು ಬಹಳ ಜನ. ಮೆಕ್ಯಾನಿಕ್ಕನ್ನು ಸುಮ್ನೆ ಬೈಯುತ್ತಾರೆ. ಪ್ಯಾಡ್ ಸವೆದಾಗ ಪಿಸ್ಟನ್ ತುಂಬಾ ಹೊರಗೆ ಬಂದಿರುತ್ತದೆ. ಧೂಳು ತಡೆಯುವ ರಬ್ಬರ್ ಹರಿದಿದ್ದರೆ ಹೊರಗಿದ್ದ ಆ ಭಾಗದ ಕ್ರೋಮ್ ತುಕ್ಕು ಹಿಡಿದು ಗುಳಿ ಬಿದ್ದಿರುತ್ತದೆ. ದಪ್ಪ ಪ್ಯಾಡ್ ಹಾಕಲು ಪಿಸ್ಟನ್ನನ್ನು ಒಳಗೆ ಒತ್ತಿದಾಗ ಆ ಗುಳಿಬಿದ್ದ ಜಾಗ ಹೋಗಿ ರಿಂಗಿನ ಮೇಲೆಯೇ ಕೂರುತ್ತದೆ. ಅಲ್ಲಿಂದ ಕಚ್ಚುವುದು, ಸೋರುವುದು ಶುರು. ಆದ್ದರಿಂದ ಒಳಗೆ ಒತ್ತುವ ಮೊದಲೇ ಪಿಸ್ಟನ್ ಒರೆಸಿ ನೋಡಿ.

## ಲಕ್ಷಣ: ಎಲ್ಲ ಚಕ್ರಗಳೂ ಹಿಡಿಯುತ್ತವೆ, ಬಿಸಿಯಾದಷ್ಟೂ ಜಾಸ್ತಿ

ಎಲ್ಲ ಕ್ಯಾಲಿಪರೂ ಒಟ್ಟಿಗೆ ಕೆಡುವುದಿಲ್ಲ. ಮೇಲಕ್ಕೆ ನೋಡಿ.

ಪೆಡಲಿಗೆ ಸ್ವಲ್ಪ ಸಡಿಲ ಇರಬೇಕು. ಎಂಜಿಬಿಯಲ್ಲಿ ಪೆಡಲಿನ ತುದಿಯಲ್ಲಿ 3 ಮಿ.ಮೀ. ಸುಮಾರು. ಅದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ತೂತನ್ನು ಮುಚ್ಚಿಬಿಡುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗಲು ಜಾಗವಿಲ್ಲದೆ ಪ್ಯಾಡನ್ನೇ ಒತ್ತುತ್ತದೆ. ತಣ್ಣಗಿದ್ದಾಗ ಸರಿ, ಓಡಿದಷ್ಟೂ ಬಿಗಿ ಅನ್ನುವುದು ಇದರದ್ದೇ ಗುರುತು. ಕಾಲ ಕೆಳಗಿನ ದಪ್ಪ ಮ್ಯಾಟ್, ಪೆಡಲಿನ ದುರ್ಬಲ ಸ್ಪ್ರಿಂಗ್ ಕೂಡ ಇದೇ ಕಾಟ ಕೊಡುತ್ತವೆ. ಕಾಸು ಖರ್ಚಿಲ್ಲದ ಪರೀಕ್ಷೆ, ಮೊದಲು ಮಾಡಿ.

ಸರ್ವೋ ಇರುವ ಕಾರಾದರೆ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅದರ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿ. ಬ್ರೇಕ್ ಬಿಟ್ಟುಕೊಂಡರೆ ಸರ್ವೋದ ವಾಲ್ವ್ ಅಂಟಿಕೊಂಡಿದೆ.

ಪದ್ಮಿನಿಯಂಥ ಡ್ರಮ್ ಕಾರಿಗೆ ಡಿಸ್ಕ್ ಹಾಕಿಸಿದವರಿಗೆ ಒಂದು ಮಾತು. ಡ್ರಮ್ಮಿಗೆಂದು ಮಾಡಿದ ಕೆಲವು ಮಾಸ್ಟರ್ ಸಿಲಿಂಡರುಗಳು ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಬೇಕೆಂದೇ ಉಳಿಸಿಕೊಳ್ಳುತ್ತವೆ. ಡ್ರಮ್ಮಿನ ಸ್ಪ್ರಿಂಗ್ ಅದನ್ನು ತಡೆಯುತ್ತದೆ, ಕ್ಯಾಲಿಪರಿನ ರಿಂಗ್ ತಡೆಯಲಾರದು.

## ಲಕ್ಷಣ: ಬ್ರೇಕ್ ಒತ್ತಿದರೆ ಕಾರು ಒಂದು ಕಡೆ ಎಳೆಯುತ್ತದೆ

ಟೈರಿನ ಗಾಳಿ ಮೊದಲು. ಎಡ ಬಲ ಬೇರೆ ಬೇರೆ ಟೈರ್ ಇದೆಯಾ ನೋಡಿ.

ಒತ್ತಿದಾಗ ಮಾತ್ರ ಬಲಕ್ಕೆ ಎಳೆದರೆ ಕೆಲಸ ಮಾಡದಿರುವುದು ಎಡಗಡೆಯದ್ದು. ಒತ್ತದೆಯೂ ಎಡಕ್ಕೆ ಎಳೆದರೆ ಎಡಗಡೆಯದ್ದು ಹಿಡಿದುಕೊಂಡಿದೆ. ಇದನ್ನು ಗಮನಿಸದೆ ಚೆನ್ನಾಗಿರುವ ಕ್ಯಾಲಿಪರನ್ನೇ ಬಿಚ್ಚುವವರಿದ್ದಾರೆ.

ಕೆಲಸ ಮಾಡದ ಕಡೆ ಪ್ಯಾಡ್ ತೆಗೆದು ನೋಡಿ. ಗ್ರೀಸೋ ಆಯಿಲೋ ಹೀರಿಕೊಂಡು ಕಪ್ಪಾಗಿ ಹೊಳೆಯುತ್ತಿದ್ದರೆ ಎಸೆಯಿರಿ. ಉಜ್ಜಿ, ಒಲೆಯ ಮೇಲೆ ಕಾಯಿಸಿ ಮತ್ತೆ ಹಾಕುವ ಉಪಾಯ ಕೇಳಿರುತ್ತೀರಿ, ಅದು ಬೇಡ. ಪ್ಯಾಡನ್ನು ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಬೇಕು. ಆಯಿಲ್ ಎಲ್ಲಿಂದ ಬಂತು ಅನ್ನುವುದನ್ನೂ ಹುಡುಕಿ. ಇ-ಟೈಪ್‌ನಲ್ಲಿ ಹಿಂದಿನ ಡಿಸ್ಕ್‌ಗಳು ಚಕ್ರದ ಹತ್ತಿರ ಇಲ್ಲ, ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಂತಿವೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ನೇರ ಡಿಸ್ಕ್ ಮೇಲೆಯೇ ಬೀಳುತ್ತದೆ. ಕ್ಯಾಲಿಪರ್ ಎಷ್ಟು ಸಲ ಬಿಚ್ಚಿದರೂ ಅದು ನಿಲ್ಲುವುದಿಲ್ಲ.

## ಲಕ್ಷಣ: ಪೆಡಲ್ ಆಳಕ್ಕೆ ಹೋಗುತ್ತದೆ

ಕಾರು ಓಡಿಸುವುದನ್ನು ನಿಲ್ಲಿಸಿ ನಿಂತಲ್ಲೇ ಪರೀಕ್ಷಿಸಿ. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಒಂದೇ ಸರ್ಕ್ಯೂಟ್. ಅಮೆರಿಕಕ್ಕೆ ಹೋದ ಎಂಜಿಬಿಗಳಿಗೆ 1968ರ ಮಾಡೆಲ್‌ನಿಂದ ಎರಡು ಬಂತು. ಒಂದೇ ಇರುವಲ್ಲಿ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇರುವುದಿಲ್ಲ.

ಕಾಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೊಳಗೇ ಬಿಟ್ಟುಕೊಡುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಏರ್. ಎರಡು ಸಲ ಪಂಪ್ ಮಾಡಿದ ಮೇಲೆ ಮೇಲೆ ಬಂದು ಗಟ್ಟಿ ನಿಂತರೆ ಎಲ್ಲೋ ಅಂತರ ಜಾಸ್ತಿಯಾಗಿದೆ. ಹೀಗಾದಾಗ ಮುಂದಿನ ಕ್ಯಾಲಿಪರಿಗಿಂತ ಮೊದಲು ಹಿಂದಿನ ಡ್ರಮ್ ಅಡ್ಜಸ್ಟ್ ಮಾಡಿ. ಎಂಜಿಬಿಯಲ್ಲಿ ಅದು ಕೈಯಿಂದಲೇ ಆಗಬೇಕು, ತಾನಾಗಿ ಆಗುವುದಿಲ್ಲ. ಹತ್ತು ನಿಮಿಷದ ಕೆಲಸ. ಎಷ್ಟೋ ಕಾರುಗಳ ಪೆಡಲ್ ಇಷ್ಟಕ್ಕೇ ಮೇಲೆ ಬರುತ್ತದೆ.

ತಿರುವು ದಾಟಿದ ಮೇಲಿನ ಮೊದಲ ಒತ್ತು ಮಾತ್ರ ಆಳವಾದರೆ ಚಕ್ರದ ಬೇರಿಂಗ್ ಸಡಿಲ ಇರಬಹುದು. ಡಿಸ್ಕ್ ಓಲಾಡಿ ಪಿಸ್ಟನ್ನುಗಳನ್ನು ಒಳಕ್ಕೆ ತಳ್ಳಿಬಿಟ್ಟಿರುತ್ತದೆ. ಎಂಜಿಬಿಯ ಮುಂದಿನ ಹಬ್ಬಿನಲ್ಲಿ ಸಡಿಲ ಇರಬೇಕಾದದ್ದು 0.05ರಿಂದ 0.10 ಮಿ.ಮೀ. ಮಾತ್ರ. ತೆಳ್ಳನೆಯ ಶಿಮ್, ಅಂದರೆ ತಗಡಿನ ಬಿಲ್ಲೆ ಹಾಕಿ ಹೊಂದಿಸುತ್ತಾರೆ. ಅಂದಾಜಿನಲ್ಲಿ ಆಗುವ ಕೆಲಸವಲ್ಲ.

ಎಷ್ಟು ಬ್ಲೀಡ್ ಮಾಡಿದರೂ ಏರ್ ಹೋಗುವುದಿಲ್ಲವೇ? ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ಭಾಗದಲ್ಲಿ ಇರಬೇಕು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆ ಆರಾಮಾಗಿ ಕೂತಿರುತ್ತದೆ. ನಗಬೇಡಿ, ಇದು ಆಗುತ್ತಿರುತ್ತದೆ. ಇನ್ನು 1965ರಿಂದ ನಾಲ್ಕೂ ಕಡೆ ಡಿಸ್ಕ್ ಬಂದ ಶೆವ್ರೊಲೆ ಕಾರ್ವೆಟ್‌ನ ಕ್ಯಾಲಿಪರಿನಲ್ಲಿ ಚೌಕ ರಿಂಗಿನ ಬದಲು ತುಟಿಯಂಥ ಸೀಲ್ ಇತ್ತು. ಡಿಸ್ಕ್ ಸ್ವಲ್ಪ ಸೊಟ್ಟಗಿದ್ದರೂ ಪಿಸ್ಟನ್ ಹಿಂದೆ ಮುಂದೆ ಆಡಿ, ಸೀಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಅಂಥ ಕಾರಿನಲ್ಲಿ ಬ್ಲೀಡ್ ಮಾಡುತ್ತಾ ಕೂರುವ ಬದಲು ಡಿಸ್ಕ್ ಸರಿ ಮಾಡಿಸಿ.

ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಪೆಡಲ್ ನೆಲ ಮುಟ್ಟಿ, ತಣ್ಣಗಾದ ಮೇಲೆ ಸರಿಹೋದರೆ ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಕಾರಿನ ಆಯಿಲ್ ಓಡದೆಯೂ ಹಳತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಳಗಿನ ತುಕ್ಕಿಗೂ ಆ ನೀರೇ ಕಾರಣ. ಸಿಲಿಕಾನಿನ ಡಾಟ್ 5ನ್ನು ಇದರೊಂದಿಗೆ ಬೆರೆಸಬಾರದು. ಸಿಟ್ರೊಯೆನ್ ಡಿಎಸ್‌ನಂಥ ಕಾರುಗಳ ವ್ಯವಸ್ಥೆ ಸಂಪೂರ್ಣ ಬೇರೆ. ಹಸಿರು ಖನಿಜ ಆಯಿಲ್ ಬಳಸುವ ಡಿಎಸ್‌ಗೆ ಮಾಮೂಲಿ ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಹಾಳು.

## ಲಕ್ಷಣ: ಪೆಡಲ್ ನಡುಗುತ್ತದೆ, ಕೀರಲು ಸದ್ದು

ಬಹಳ ದಿನ ನಿಂತ ಕಾರಾದರೆ ಪ್ಯಾಡ್ ಇದ್ದ ಜಾಗದಲ್ಲಿ ಡಿಸ್ಕಿಗೆ ತುಕ್ಕಿನ ಅಚ್ಚು ಬಿದ್ದಿರುತ್ತದೆ. ಸ್ವಲ್ಪ ಓಡಿಸಿದರೆ ಹೋಗಬಹುದು. ಹೋಗದಿದ್ದರೆ ವೀಲ್ ನಟ್, ಬೇರಿಂಗ್ ನೋಡಿ, ಆಮೇಲೆ ಡಯಲ್ ಗೇಜ್ ಹಿಡಿದು ಡಿಸ್ಕ್ ಎಷ್ಟು ಓಲಾಡುತ್ತದೆ ಅಳೆಯಿರಿ. 0.1 ಮಿ.ಮೀ. ದಾಟಿದರೆ ಡಿಸ್ಕನ್ನು ಬೈಯುವ ಮೊದಲು ಅದನ್ನು ತೆಗೆದು ಹಬ್ಬಿನ ಮುಖದ ತುಕ್ಕು ಒರೆಸಿ. ಅಲ್ಲಿ ಕೂತ ಒಂದು ಚೂರು ಕೊಳೆ ಹೊರ ಅಂಚಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಲೇತಿಗೆ ಕೊಡುವುದಾದರೆ ಕೈಪಿಡಿಯ ಕನಿಷ್ಠ ದಪ್ಪ ನೋಡಿಕೊಳ್ಳಿ.

ಕೀರಲು ಸದ್ದು ಕಿವಿಗೆ ಕಿರಿಕಿರಿ ಅಷ್ಟೇ. ಹಿಂದಿನವರು ಬಿಸಾಡಿದ, ಪ್ಯಾಡಿನ ಬೆನ್ನಿಗೆ ಕೂರುವ ಶಿಮ್ ಮತ್ತೆ ಹಾಕಿ. ಕೆಲವು ಕ್ಯಾಲಿಪರುಗಳಲ್ಲಿ ಪಿಸ್ಟನ್ ಮುಖದ ಒಂದು ಕಡೆ ಕತ್ತರಿಸಿದಂತೆ ತಗ್ಗಿರುತ್ತದೆ, ಅದನ್ನು ಕೈಪಿಡಿ ಹೇಳಿದ ದಿಕ್ಕಿಗೇ ಇಡಬೇಕು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬೇರೆ. ಅದು ಬಂದರೆ ಪ್ಯಾಡ್ ಮುಗಿದಿದೆ. ಪ್ಯಾಡಿನ ವಸ್ತು 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಜಾಣತನ.

## ಲಕ್ಷಣ: ಆಯಿಲ್ ಕಡಿಮೆಯಾಗುತ್ತಿದೆ

ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ಬೇಗ ಇಳಿದರೆ ಕ್ಯಾಲಿಪರ್, ಹೋಸಿನ ಎರಡು ತುದಿ, ಹಿಂದಿನ ಡ್ರಮ್ಮಿನ ಒಳಗೆ, ಪೆಡಲಿನ ಹತ್ತಿರ ಮಾಸ್ಟರ್ ಸಿಲಿಂಡರಿನ ಬುಡ, ಈ ಕಡೆಗಳಲ್ಲಿ ಬಿಳಿ ಕಾಗದ ಒತ್ತಿ ನೋಡಿ. ಎಲ್ಲೂ ಒದ್ದೆ ಇಲ್ಲ, ಆದರೂ ಇಳಿಯುತ್ತಿದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಅಂದರೆ ಪೈಪಿನ ನಡುವೆ ಕೂರಿಸಿದ ಸರ್ವೋ ಮೂಲಕ ಬ್ರೇಕ್ ಆಯಿಲನ್ನು ಎಂಜಿನ್ನೇ ಕುಡಿಯುತ್ತಿದೆ.

## ಬಿಚ್ಚಲೇಬೇಕಾದರೆ

ಪಿಸ್ಟನ್ ಹೊರತೆಗೆಯಲು ಗಾಳಿ ಹೊಡೆಯಬೇಡಿ. ಅದು ಗುಂಡಿನಂತೆ ಹಾರಿ ಬೆರಳು ಮುರಿಯುತ್ತದೆ. ಕ್ಯಾಲಿಪರ್ ಪೈಪಿನಲ್ಲಿ ಇರುವಾಗಲೇ, ನಡುವೆ ಮರದ ತುಂಡಿಟ್ಟು, ಪೆಡಲ್ ಒತ್ತಿ ನಿಧಾನವಾಗಿ ಹೊರಗೆ ತನ್ನಿ. ಕ್ರೋಮ್ ಎದ್ದ ಪಿಸ್ಟನ್ನನ್ನು ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವುದು ವ್ಯರ್ಥ. ಸ್ಟೇನ್‌ಲೆಸ್ ಸ್ಟೀಲಿನದ್ದು ಸಿಗುತ್ತದೆ, ಅದನ್ನೇ ಹಾಕಿ. ರಿಂಗಿಗೆ ಕೆಂಪು ರಬ್ಬರ್ ಗ್ರೀಸ್ ಮಾತ್ರ, ಬೇರಿಂಗ್ ಗ್ರೀಸ್ ಅಲ್ಲ.

ಕ್ಯಾಲಿಪರಿನ ಎರಡು ಹೋಳು ಸೇರಿಸಿದ ಬೋಲ್ಟುಗಳನ್ನು ಬಿಚ್ಚಬೇಡಿ. ಆ ಎರಡು ಹೋಳಿನ ನಡುವೆ ಆಯಿಲ್ ದಾಟುವ ದಾರಿ ಇದೆ, ಅದಕ್ಕೊಂದು ಸಣ್ಣ ಸೀಲ್ ಇದೆ. ಆ ಸೀಲೂ, ಸರಿಯಾದ ಬೋಲ್ಟೂ, ಟಾರ್ಕ್ ರೆಂಚೂ ಇಲ್ಲದವರು ಅಲ್ಲಿ ಕೈ ಹಾಕಬಾರದು. ಸಾಮಾನ್ಯ ಸೀಲ್ ಬದಲಿಸಲು ಹೋಳು ಮಾಡುವ ಅಗತ್ಯವೂ ಇಲ್ಲ.

ಬ್ರೇಕ್ ಕೆಲಸ ಗೊತ್ತಿರುವವರಿಗೆ ಕೊಟ್ಟುಬಿಡಬೇಕಾದ ಕೆಲವು ಸಂದರ್ಭಗಳಿವೆ: ಹೋಳುಗಳ ಸಂದಿನಿಂದ ಸೋರಿಕೆ, ಸಿಲಿಂಡರಿನ ಒಳಗೋಡೆಯಲ್ಲಿ ರಿಂಗ್ ಕೂರುವ ಜಾಗಕ್ಕೇ ಗುಳಿ, ಮುರಿದ ನಿಪ್ಪಲ್, ಬೋಲ್ಟಿನ ಥ್ರೆಡ್ ಹೋಗಿರುವುದು, ಡಿಸ್ಕಿನ ಅಂಚು ಮುಟ್ಟಿದ ಬಿರುಕು. ಕಾರನ್ನು ಅವರ ಹತ್ತಿರ ಓಡಿಸಿಕೊಂಡು ಹೋಗಬೇಡಿ, ಹೇರಿಸಿಕೊಂಡು ಹೋಗಿ.

ಜೋಡಿಸಿ ಮುಗಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಪೆಡಲನ್ನು ಪಂಪ್ ಮಾಡಿ. ಒಳಗೆ ಒತ್ತಿದ ಪಿಸ್ಟನ್ನುಗಳು ಡಿಸ್ಕಿನಿಂದ ದೂರ ಇರುತ್ತವೆ, ಮೊದಲ ಒತ್ತು ಖಾಲಿ ಹೋಗುತ್ತದೆ. ಅದು ರಸ್ತೆಯಲ್ಲಿ ಆಗಬಾರದು. ಪೆಡಲ್ ಗಟ್ಟಿಯಾದ ಮೇಲೆ ಇನ್ನೊಬ್ಬರು ಜೋರಾಗಿ ಒತ್ತಿ ಹಿಡಿದಿರುವಾಗ ಬಿಚ್ಚಿದ ಪ್ರತಿ ಜಾಗವನ್ನೂ ಕಾಗದದಿಂದ ಒರೆಸಿ ನೋಡಿ. ಟ್ಯಾಂಕಿನ ಮಟ್ಟ ಸರಿಮಾಡಿ. ಖಾಲಿ ಜಾಗದಲ್ಲಿ ನಡಿಗೆಯ ವೇಗದಿಂದ ಶುರುಮಾಡಿ, ಮೃದುವಾಗಿ ಹಲವು ಸಲ ನಿಲ್ಲಿಸಿ. ಮನೆಗೆ ಬಂದು ಮತ್ತೆ ಎಡ ಬಲ ಚಕ್ರಗಳ ಬಿಸಿ ಹೋಲಿಸಿ ನೋಡಿ.